ನಾಲ್ಕು ಪರ್ಸೆಂಟಿನ ಪಂಚಾಯ್ತಿ

ಭುವನಾ: ಫೋನಿಗೆ ಏನೂ ಆಗಿಲ್ರಿ. ಟಿವಿ ರಿಮೋಟಿನ ಕೆಲಸಾನೂ ಅದರ ಕಡಿಂದನ ಮಾಡಸ್ತೀರಿ. ದುಡದು ದುಡದು ಸುಸ್ತಾಗೇತಿ.

ನಾನು: ಫೋನಂದ್ರ ಎತ್ತೇನು, ಸುಸ್ತಾಗಾಕ? ಬ್ಯಾಟರಿ ಹಾಳಾಗೇತಿ. ಹೊಸ ಫೋನ್ ತಗೊಳ್ಳೂದೊಂದ ದಾರಿ.

ಭುವನಾ: ನೂರೈವತ್ತು ರೂಪಾಯಿ ಕೊಟ್ಟು ಒಂದು ರಿಮೋಟ್ ತರ್ರಿ. ಅದು ಇನ್ನೂ ಹತ್ತಿರದ ದಾರಿ.

ಸಂಜೆ ಆರೂವರೆ. ಬ್ಯಾಡಗಿಯ ನಮ್ಮ ಮನೆಯ ಪಡಸಾಲೆ. ನನ್ನ ತಾಯಿ ಪ್ರೇಮವ್ವ ಟಿವಿ ಮುಂದೆ ಗೋಣಿತಾಟು ಹಾಸಿಕೊಂಡು, ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ಬಿಡಿಸಿದ್ದೆಲ್ಲ ಪಕ್ಕದ ಚೀಲಕ್ಕೆ ಬೀಳುತ್ತಿತ್ತು. ನಡುವೆ ನಾನು, ಎದುರಿಗೆ ನನ್ನ ಹೆಂಡತಿ ಭುವನಾ, ಕೈಯಲ್ಲಿ ನಾಲ್ಕೇ ನಾಲ್ಕು ಪರ್ಸೆಂಟ್ ಉಸಿರು ಉಳಿದಿದ್ದ ಫೋನು.

ನನಗೆ ಹೊಸ ಫೋನು ಬೇಕಿತ್ತು. ಜಗಳದ ಬೇರು ಇಷ್ಟೇ. ನಾನು ಮಾರುಕಟ್ಟೆ ರಸ್ತೆಯಲ್ಲಿ ಖಾಲಿ ಗೋಣಿಚೀಲ, ಸುತಳಿ, ದಬ್ಬಣ ಮಾರುವವನು. ಅಂಗಡಿಯ ಬೋರ್ಡಿನ ಮೇಲೆ 'ಮಾಲೀಕರು: ಸಿದ್ದಲಿಂಗೇಶ' ಎಂದು ಬರೆಸಿದ್ದೇನೆ. ಮನೆಗೆ ಬೋರ್ಡಿಲ್ಲ, ಇದ್ದಿದ್ದರೆ ಅದರ ಮೇಲೆ ಬೇರೆ ಹೆಸರು ಇರುತ್ತಿತ್ತು. ಸಾವಿರ ರೂಪಾಯಿ ದಾಟಿದ ಯಾವ ವಸ್ತುವೂ ಭುವನಾ ಹೂಂ ಅನ್ನದೆ ನಮ್ಮ ಹೊಸ್ತಿಲು ದಾಟುವುದಿಲ್ಲ.

ಅವತ್ತು ಮೆಣಸಿನಕಾಯಿ ಮಾರುಕಟ್ಟೆಯ ದಿನ. ವ್ಯಾಪಾರಿ ರುದ್ರಮುನಿಯವರು ಇನ್ನೂರು ಚೀಲಕ್ಕಾಗಿ ಮಧ್ಯಾಹ್ನ ಮೂರು ಸಲ ಫೋನ್ ಮಾಡಿದ್ದರಂತೆ. ನನ್ನ ಫೋನು ಸತ್ತು ಮಲಗಿತ್ತು. ಅಂಗಡಿ ಮುಚ್ಚಿದೆ ಎಂದುಕೊಂಡು ಅವರು ಬೇರೆ ಕಡೆ ತೆಗೆದುಕೊಂಡರು. ಈ ನಷ್ಟವನ್ನೇ ಬಂಡವಾಳ ಮಾಡಿಕೊಂಡು ಹೊಸ ಫೋನು ಕೇಳುವುದು ನನ್ನ ಉಪಾಯ. ಮನೆಗೆ ಬಂದು ಐದು ನಿಮಿಷ ಚಾರ್ಜಿಗೆ ಹಚ್ಚುವಷ್ಟರಲ್ಲಿ ಅವ್ವ "ಸಿದ್ದಾ, ಮುಂದಿನ ಚಾನಲ್ ಹಾಕಪ್ಪ" ಎಂದು ಕರೆದಿದ್ದಳು. ಕಿತ್ತುಕೊಂಡು ಬಂದಿದ್ದೆ.

ಅದಕ್ಕೂ ಹಿಂದಿನ ಕತೆ ಇದೆ. ನಾಲ್ಕು ತಿಂಗಳ ಕೆಳಗೆ ಮನೆಯ ರಿಮೋಟ್ ಕಾಣೆಯಾಯಿತು. ಎಲ್ಲರೂ ಹುಡುಕುತ್ತಿರುವಾಗ ನಾನು ಎದೆಯುಬ್ಬಿಸಿ, ಹುಡುಕುವುದೇ ಬೇಡ, ನನ್ನ ಫೋನಿನ ನೆತ್ತಿಯ ಮೇಲೆ ಒಂದು ಸಣ್ಣ ಕಣ್ಣಿದೆ, ಅದರಿಂದ ಟಿವಿ ನಡೆಸುತ್ತೇನೆ ಎಂದು ಸಾರಿದೆ. ಅಂದಿನಿಂದ ಟಿವಿಗೆ ಫೋನೇ ರಿಮೋಟ್, ಅವ್ವನಿಗೆ ನಾನೇ ರಿಮೋಟ್. ಅವಳ ಖಾರದ ಕೈಗೆ ಫೋನ್ ಕೊಡುವಂತಿಲ್ಲ. ಒಮ್ಮೆ ಕೊಟ್ಟು, ಅದೇ ಫೋನನ್ನು ಕೆನ್ನೆಗೆ ಹಿಡಿದು ಮಾತಾಡಿ, ಮಲಗುವ ತನಕ ಮೋರೆಗೆ ಮೊಸರು ಹಚ್ಚಿಕೊಂಡು ಕುಳಿತಿದ್ದೆ. ಹಾಗಾಗಿ ಕೂಗು ಬಂದರೆ ಉಣ್ಣುತ್ತಿದ್ದರೂ ಏಳಬೇಕು. ಸಾಲದ್ದಕ್ಕೆ ಟಿವಿಗೂ ಅರಳು ಮರಳು ಹಿಡಿದಿತ್ತು. ಬೆಳಗ್ಗೆ ನಾನು ಭಜನೆ ಹಾಕಿ ಅಂಗಡಿಗೆ ಹೋದರೆ ಸಂಜೆ ಬರುವಷ್ಟರಲ್ಲಿ ಅದು ತಾನಾಗಿ ಅಡುಗೆ ಚಾನೆಲ್‌ಗೆ ಬಂದಿರುತ್ತಿತ್ತು.

ಈಗ ಪೇಚು ನೋಡಿ. ಬ್ಯಾಟರಿ ತಿಂದದ್ದು ರಿಮೋಟ್ ಕೆಲಸ ಎಂದಾದರೆ ನೂರೈವತ್ತು ರೂಪಾಯಿಗೆ ಪಂಚಾಯ್ತಿ ಮುಗಿಯುತ್ತದೆ. ಅಲ್ಲ ಎಂದಾದರೆ ಹೊಸ ಫೋನು. ಜೀವನದಲ್ಲಿ ಮೊದಲ ಸಲ ನಾನು ಒಬ್ಬ ನಿರಪರಾಧಿಯ ಪರ ವಾದಕ್ಕೆ ನಿಂತಿದ್ದೆ.

ನಾನು: ಆ ಬೆಳಕು ಕಣ್ಣಿಗೆ ಸುದ್ದಾ ಕಾಣೂದಿಲ್ಲ, ಅಷ್ಟು ಸಣ್ಣದು. ಒಂದು ಚಣ ಮಿಣುಕತೈತಿ, ಮುಗೀತು. ಅದೇನು ಬ್ಯಾಟರಿ ತಿಂದೀತು?

ಭುವನಾ: ಕಾಣೂದಿಲ್ಲ ಅಂದ ಮ್ಯಾಲೆ ತಿನ್ನೂದೂ ಇಲ್ಲ ಅಂತ ಹೆಂಗ ಅಂತೀರಿ? ನಿಮ್ಮ ಅಂಗಡ್ಯಾಗ ಇಲಿ ಕಾಣತೈತೇನು? ಚೀಲಕ್ಕ ತೂತು ಬೀಳೂದು ಬಿಟ್ಟೈತೇನು?

ನಾನು: ಹಳೇ ರಿಮೋಟಿಗೆ ಎರಡು ಸೆಲ್ಲು ಹಾಕಿದ್ರ ಎರಡು ವರ್ಷ ಬರ್ತಿದ್ವು. ಅಂದ್ರ ಎಷ್ಟು ಕಡಿಮಿ ತಿಂತಿತ್ತು, ನೀನ ಲೆಕ್ಕಾ ಹಾಕು.

ಭುವನಾ: ಅವು ತಾವಾಗಿ ಬರ್ತಿದ್ವೇನು? ನೀವು ಬಿಸಲಾಗ ಇಟ್ಟು, ಹಲ್ಲಿಲೆ ಕಚ್ಚಿ, ರಿಮೋಟಿನ ಬೆನ್ನಿಗೆ ನಾಕು ಬಡದು ನಡಸ್ತಿದ್ರಿ. ಸೆಲ್ಲು ಸತ್ತು ವರ್ಷಾಗಿತ್ತು. ನಿಮ್ಮ ಅಂಜಿಕಿಗೆ ದುಡೀತಿದ್ವು.

ಆ ಸೆಲ್ಲುಗಳ ಮೇಲೆ ನನ್ನ ಹಲ್ಲಿನ ಗುರುತು ಇದ್ದದ್ದು ಖರೆ. ಅಷ್ಟರಲ್ಲಿ ಅವ್ವ, ಕೈಯ ಕೆಲಸ ಬಿಡದೆ, ನನಗೆ ನೆರವಾಗಲೆಂದೇ ಮಾತು ಹಾಕಿದಳು.

ಅವ್ವ: ನಾನೂ ಹಿಡದು ಹಿಡದ ಖರ್ಚು ಮಾಡಾಕತ್ತೇನವ್ವ. ಸಪ್ಪಳ ಸಣ್ಣದ ಇಡಸ್ತೇನಿ.

ನಾನು: ಟಿವಿ ಸಪ್ಪಳಕ್ಕೂ ಫೋನಿನ ಬ್ಯಾಟರಿಗೂ ಏನ್ ಸಂಬಂಧಬೇ?

ಅವ್ವ: ಜೋರು ಮಾಡ್ಸಿದ್ರ ಜಾಸ್ತಿ ಖರ್ಚು ಬೀಳೂದಿಲ್ಲೇನು? ಮತ್ತ ನಿನಗ ದಿನಾ ಹೇಳ್ತೇನಿ, ಬಾಗಲಾಗ ನಿಂತು ಒತ್ತಬ್ಯಾಡ, ಟಿವಿ ಹತ್ತರ ಬಾ ಅಂತ. ದೂರಿಂದ ಒಗದ್ರ ಅದಕ್ಕೂ ದಮ್ಮು ಹತ್ತತೈತಿ.

ಭುವನಾ: ಕೇಳಿದ್ರಿಲ್ಲೋ? ಅತ್ತಿಗೂ ಗೊತ್ತೈತಿ, ರಿಮೋಟ್ ಮಾಡಿದ್ರ ಬ್ಯಾಟರಿ ಹೊಕ್ಕೈತಿ ಅಂತ.

ಸಾಕ್ಷಿ ನನ್ನವಳು, ಹೇಳಿಕೆ ಭುವನಾಳ ಪರವಾಯಿತು. ಇನ್ನು ತಜ್ಞರನ್ನೇ ಕರೆಸಬೇಕು ಎಂದು, ರಾಣೆಬೆನ್ನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ಸಮೀವುಲ್ಲಾನಿಗೆ ಭುವನಾಳ ಫೋನಿನಿಂದ ಕರೆ ಹಚ್ಚಿ ಸ್ಪೀಕರ್ ಹಾಕಿದೆ. ನನಗಾಗಿ ಒಂದು ಹೊಸ ಫೋನನ್ನು ಎತ್ತಿಟ್ಟಿದ್ದವನೂ ಅವನೇ. ಅವನು ಮೊದಲು ಅದನ್ನೇ ಹೊಗಳಿದ. ಆಮೇಲೆ, ಅದರಲ್ಲಿ ಮಾತ್ರ ರಿಮೋಟಿನ ಕಣ್ಣಿಲ್ಲ ಎಂದು ತಗ್ಗಿದ ದನಿಯಲ್ಲಿ ಸೇರಿಸಿದ. ನಾನು ಅದನ್ನು ಕೇಳಿಸಿಕೊಳ್ಳದವನಂತೆ ಮುಖ್ಯ ಪ್ರಶ್ನೆಗೆ ಬಂದೆ.

ಸಮೀವುಲ್ಲಾ: ರಿಮೋಟ್ ಏನೂ ತಿನ್ನೂದಿಲ್ಲಣ್ಣಾ. ದಿನಾ ನೂರು ಸಲ ಒತ್ರಿ, ಗೊತ್ತ ಆಗೂದಿಲ್ಲ. ತಿನ್ನೂದೆಲ್ಲಾ ಪರದೆ. ನಂಬಿಕಿ ಬರಲಿಲ್ಲಂದ್ರ ಸೆಟ್ಟಿಂಗ್ಸ್‌ನಾಗ ಬ್ಯಾಟರಿ ಅಂತ ಐತಿ, ತಗದು ನೋಡ್ರಿ. ಇವತ್ತು ಯಾವುದು ಎಷ್ಟು ತಿಂತು ಅಂತ ಹೆಸರು ಹಚ್ಚಿ ಬರದಿರತೈತಿ.

ನಾನು: ಕೇಳಿದಿಲ್ಲೋ? ತಿಳದವರು ಹೇಳೂದು ಹಿಂಗ.

ಭುವನಾ: ಹಂಗಾರ ತಗೀರಿ. ಕಣ್ಣಾರೆ ನೋಡಿಬಿಡೂನು.

ಗೆದ್ದ ಹುರುಪಿನಲ್ಲಿ ಸೆಟ್ಟಿಂಗ್ಸ್ ತೆರೆದೆ. ಬ್ಯಾಟರಿ ಒತ್ತಿದೆ. ಪಟ್ಟಿ ಬಂತು. ಅದರ ಮೊದಲ ಸಾಲು ಕಂಡ ಕೂಡಲೇ ಮೇಲಿನ ಅರ್ಧವನ್ನು ಹೆಬ್ಬೆರಳಿನಿಂದ ಮುಚ್ಚಿ ಫೋನನ್ನು ಅವಳ ಮುಂದೆ ಹಿಡಿದೆ.

ನಾನು: ನೋಡು. ಕೆಳಗ ಐತಿ. ರಿಮೋಟ್, ಒಂದು ಪರ್ಸೆಂಟ್. ಮುಗೀತಿಲ್ಲೋ?

ಭುವನಾ: ಬೆರಳು ತಗೀರಿ.

ನಾನು: ಒಂದ ಒಂದು ಪರ್ಸೆಂಟ್, ಭುವನಾ.

ಭುವನಾ: ಅದು ಕಂಡೇತಿ. ಬೆರಳಿನ ಕೆಳಗ ಏನೈತಿ, ಅದನ್ನ ತೋರಸ್ರಿ.

ಬೆರಳು ತೆಗೆದೆ. ಭುವನಾ ಶಾಲೆಯಲ್ಲಿ ಪಾಠ ಓದುವವರಂತೆ ಬಿಡಿಸಿ ಬಿಡಿಸಿ ಓದಿದಳು: ವಿಡಿಯೋ, ಅರವತ್ತೊಂದು ಪರ್ಸೆಂಟ್, ಐದು ತಾಸು ನಲವತ್ತು ನಿಮಿಷ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಏನಾದರೂ ಹೇಳಿ ಪಾರಾಗುತ್ತಿದ್ದೆ. ಆದರೆ ಅವಳು ಫೋನ್ ಕಿತ್ತುಕೊಂಡು, ಏನೇನು ನೋಡಿದ್ದೇನೆ ಎಂಬುದನ್ನೂ ತೆರೆದಳು. ಒಂದರ ಕೆಳಗೆ ಒಂದು, ಎಲ್ಲ ಹೋರಿ ಹಬ್ಬದ ವಿಡಿಯೋ. ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡ ಹೋರಿಗಳು ಜನರ ನಡುವೆ ನುಗ್ಗಿ ಓಡುವುದನ್ನು ನೋಡಿದರೆ ನಮ್ಮ ಸೀಮೆಯ ಗಂಡಸರಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ನಾನಾದರೋ ಬಸ್ಸು ತಪ್ಪಿದರೂ ಓಡುವವನಲ್ಲ. ಕುಂತಲ್ಲೇ ಓಡಿಸುವುದು ನನ್ನ ಶೌರ್ಯ.

ಭುವನಾ: 'ಐರಣಿ ಹುಲಿ' ಅನ್ನೂ ಹೋರೀನ ಹನ್ನೊಂದು ಸಲ ನೋಡೀರಿ.

ನಾನು: ಅದು ಭಾಳ ಚಂದ ಓಡತೈತಿ.

ಭುವನಾ: ಓಡಲಿಲ್ಲ ಅಂದ್ರ ಹೆಂಗ? ರುದ್ರಮುನಿಯವರ ಇನ್ನೂರು ಚೀಲಾ ಹೊತ್ಕೊಂಡು ಓಡೇತಿ. ಮುಂಜಾನಿಂದ ಉಸರಾಡಾಕ ಪುರಸತ್ತಿಲ್ಲ ಅಂದ್ರಿ, ಪಾಪ ಅಂತ ಶೇಂಗಾ ಹೋಳಿಗಿ ಮಾಡಿ ಇಟ್ಟೇನಿ. ಅದನ್ನೂ ಆ ಹೋರಿಗೇ ಹಾಕಬೇಕಿತ್ತು.

ನನ್ನ ಮೊಕದ್ದಮೆ ಅಲ್ಲಿಗೆ ವಜಾ ಆಯಿತು. ರಿಮೋಟ್ ನಿರಪರಾಧಿ ಎಂದು ಸಾಬೀತು ಮಾಡಿದ್ದೆ, ಅದರ ಜಾಗದಲ್ಲಿ ಕಟಕಟೆಗೆ ನಾನೇ ಹತ್ತಿದ್ದೆ. ಬ್ಯಾಟರಿ ಗಟ್ಟಿಮುಟ್ಟಾಗಿದೆ, ಮಾಲೀಕನೇ ಹಾಳಾಗಿದ್ದಾನೆ ಎಂದ ಮೇಲೆ ಹೊಸ ಫೋನು ಯಾರು ಕೊಡಿಸುತ್ತಾರೆ? ಸ್ಪೀಕರಿನಲ್ಲಿ ಇನ್ನೂ ಇದ್ದ ಸಮೀವುಲ್ಲಾ, ಗಿರಾಕಿ ಬಂದಾರ ಎಂದು ಹೇಳಿ ಮೆಲ್ಲಗೆ ಜಾರಿಕೊಂಡ.

ಅವ್ವ ಮಾತ್ರ ಹೋರಿಯ ವಿಷಯಕ್ಕೆ ಕಿವಿಗೊಡದೆ ಬೇರೇನೋ ಲೆಕ್ಕ ಹಾಕುತ್ತಿದ್ದಳು.

ಅವ್ವ: ರಿಮೋಟ್ ತಿಂದದ್ದು ಎಷ್ಟಂದ್ರಿ?

ನಾನು: ಒಂದು ಪರ್ಸೆಂಟ್‌ಬೇ. ನೂರು ಮೆಣಸಿನಕಾಯಾಗ ಒಂದು.

ಅವ್ವ ಕೈಯಲ್ಲಿದ್ದ ಒಂದು ಕಾಯಿಯನ್ನು ನೋಡಿದಳು, ತಾಟಿನ ಮೇಲಿನ ರಾಶಿಯನ್ನು ನೋಡಿದಳು.

ಅವ್ವ: ಇಷ್ಟಕ್ಕ ನಾಕು ತಿಂಗಳು ಕಿವಿ ಕೊಟ್ಟು ಕೊಟ್ಟು ಕೇಳಿದ್ನೇನು ನಾನು? ಜೋರ್ ಮಾಡು.

ಭುವನಾಳ ಮೇಲಿನ ಸಿಟ್ಟೆಲ್ಲ ನನ್ನ ಹೆಬ್ಬೆರಳಿಗೆ ಇಳಿದಿತ್ತು. ಒತ್ತಿದೆ, ಒತ್ತಿದೆ, ಒತ್ತುತ್ತಲೇ ಹೋದೆ. ಟಿವಿ ಕಿರುಚತೊಡಗಿತು. ಇಳಿಸಬೇಕು ಎನ್ನುವಷ್ಟರಲ್ಲಿ ನಾಲ್ಕು ಪರ್ಸೆಂಟೂ ತೀರಿ ಫೋನು ಕಪ್ಪಾಯಿತು. ಒಂದು ಸೊಳ್ಳೆಬತ್ತಿಯ ಜಾಹೀರಾತು ಇಡೀ ಓಣಿಗೆ ಕೇಳುತ್ತಿತ್ತು. ಭುವನಾ ಕಿವಿ ಮುಚ್ಚಿಕೊಂಡಳು. ನಾನು ಚಾರ್ಜರ್ ಹುಡುಕುತ್ತ ತಿರುಗಿದೆ.

ಸಪ್ಪಳ ತಟ್ಟನೆ ಇಳಿಯಿತು.

ತಿರುಗಿ ನೋಡಿದರೆ ಅವ್ವನ ಬಲಗೈ ಮೊಣಕೈವರೆಗೂ ಕೆಂಪಾಗಿತ್ತು. ಆ ಕೈಯಲ್ಲಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ನಮ್ಮ ಹಳೆಯ ರಿಮೋಟ್ ಇತ್ತು. ಅದರ ಮೇಲೆ ಮೆಣಸಿನ ಬೀಜ ಅಂಟಿದ್ದವು. ಸತ್ತ ಸೆಲ್ಲುಗಳ ಜಾಗಕ್ಕೆ ಹೊಸವನ್ನು ಯಾವಾಗ ತರಿಸಿದ್ದಳೋ. ಬಿಡಿಸಿದ ಮೆಣಸಿನಕಾಯಿಯ ಚೀಲದಲ್ಲಿ ನಮ್ಮ ಮನೆಯ ಯಾರೂ ಕೈ ಹಾಕುವುದಿಲ್ಲ. ಅವಳೊಬ್ಬಳನ್ನು ಬಿಟ್ಟು.

ಭುವನಾ: ಅತ್ತೀ, ಅದಕ್ಕ ಹಗಲೆಲ್ಲಾ ಟಿವಿ ತಾನ ಚಾನಲ್ ಬದಲಿ ಮಾಡತಿತ್ತೇನ್ರಿ?

ಅವ್ವ ಸಿಕ್ಕಿಬಿದ್ದವರಂತೆ ರಿಮೋಟನ್ನು ಸೆರಗಿನಡಿ ಸೇರಿಸಲು ನೋಡಿ, ತಡವಾಯಿತೆಂದು ತಿಳಿದು ತಾಟಿನ ಮೇಲಿಟ್ಟಳು. ನಾನು ಕೊಂಚ ಗಟ್ಟಿಯಾಗಿಯೇ ಕೇಳಿದೆ. ಬೇರೆಯವರ ತಪ್ಪು ಸಿಕ್ಕರೆ ನನ್ನ ದನಿಗೆ ತಾನಾಗಿ ಬಲ ಬರುತ್ತದೆ.

ನಾನು: ನಾಕು ತಿಂಗಳು ನನ್ನ ಕುಣಿಸಿದೆಲ್ಲಬೇ. ಯಾಕ ಮುಚ್ಚಿಟ್ಟಿ ಇದನ್ನ?

ಅವ್ವ: ಇದು ನನ್ನ ಕೈಯಾಗ ಇದ್ದಾಗ ನೀ ಎಲ್ಲಿ ಇರ್ತಿದ್ದಿ, ಹೇಳು. ಅಂಗಡಿಯಿಂದ ಬಂದು ಫೋನ್ ಹಿಡಕೊಂಡು ಖೋಲ್ಯಾಗ ಹೊಕ್ಕಿದ್ದಿ. ಕರದ್ರ ಹೂಂ ಅಂತಿದ್ದಿ, ಬರ್ತಿದ್ದಿಲ್ಲ. ಈಗ ಕರದ್ರ ಬರ್ತಿ. ಚಾನಲ್ ಹಾಕ್ತಿ, ಉಂಡೇನಬೇ ಅಂತಿ, ಮಾರ್ಕೆಟ್ಟಿನ ಸುದ್ದಿ ಎರಡು ಮಾತು ಹೇಳ್ತಿ. ಹತ್ತರ ಬಾ ಅಂದ್ರ ಹತ್ತರ ಬರ್ತಿ. ನನಗ ಅಷ್ಟ ಸಾಕಾಗಿತ್ತಪ್ಪ.

ನನ್ನ ದನಿಯ ಬಲವೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತುಂಬ ನಾಚಿಕೆಯಾಯಿತು. ಐದು ತಾಸು ನಲವತ್ತು ನಿಮಿಷ ನಾನು ಯಾರದೋ ಹೋರಿಗೆ ಕೊಟ್ಟಿದ್ದೆ. ಒಂದೇ ಮನೆಯಲ್ಲಿ ಇರುವ ಮಗನನ್ನು ಹತ್ತು ಹೆಜ್ಜೆ ನಡೆಸಲು ಅವ್ವ ಕಳ್ಳತನ ಮಾಡಬೇಕಾಗಿತ್ತು. ಭುವನಾ ಮೆತ್ತಗೆ, ಹೊಸ ಫೋನಿನ ಮಾತು ಏನು ಮಾಡುವುದು ಎಂದು ಕೇಳಿದಳು. ಹೂಂ ಅನ್ನುವ ಹದಕ್ಕೆ ಬಂದಿದ್ದಳೆಂದು ಈಗಲೂ ನನಗೆ ಅನುಮಾನ.

ನಾನು: ಬ್ಯಾಡ ಬಿಡು. ಅದಕ್ಕ ಕಣ್ಣಿಲ್ಲಂತ.

ರಿಮೋಟನ್ನು ಎತ್ತಿ ಚೀಲದೊಳಗೆ, ಮೊದಲಿದ್ದ ಆಳಕ್ಕೇ ಇಳಿಸಿದೆ. ಜೇಬಿನಲ್ಲಿದ್ದ ದಬ್ಬಣ ತೆಗೆದು, ಸುತಳಿ ಪೋಣಿಸಿ, ಚೀಲದ ಬಾಯಿ ಹೊಲಿಯಲು ಕುಳಿತೆ. ನಾನು ಚೆನ್ನಾಗಿ ಬಲ್ಲ ಕೆಲಸ ಇದೊಂದೇ.

ಅವ್ವ: ಪೂರಾ ಹೊಲೀಬ್ಯಾಡೋ. ನೀ ಅಂಗಡಿಗೆ ಹ್ವಾದ ಮ್ಯಾಲೆ ನಾ ಏನ್ ನೋಡ್ಲಿ? ಒಂದು ಕೈ ಹೋಗೂವಷ್ಟು ಬಿಡು.

ಒಂದು ಕೈ ಹೋಗುವಷ್ಟು ಬಿಟ್ಟು ಗಂಟು ಹಾಕಿದೆ. ಮೂಗು ಸೋರುತ್ತಿತ್ತು, ಕಣ್ಣೂ ತುಂಬಿತ್ತು. ಯೋಚಿಸದೆ ಅದೇ ಕೈಯಿಂದ ಒರೆಸಿಕೊಂಡೆ. ಆಮೇಲೆ ಕೇಳಬೇಕೆ? ಕಣ್ಣು ಬಿಡಲಾಗದೆ ಪಡಸಾಲೆಯಲ್ಲೇ ಕುಳಿತೆ. ಭುವನಾ ನೀರಿನ ಚೊಂಬು ತಂದು ಮುಂದಿಟ್ಟು ಬಗ್ಗಿ ನೋಡಿದಳು.

ಭುವನಾ: ಖಾರ ಹತ್ತೇತೋ, ಅಳಾಕತ್ತೀರೋ?

ನಾನು: ತೊಂಬತ್ತೊಂಬತ್ತು ಪರ್ಸೆಂಟ್ ಖಾರ.

ಭುವನಾ: ಉಳಿದ ಒಂದು?

ನಾನು: ಅದು ರಿಮೋಟಿಂದು.