ನರಿಯ ಹಿಂದೆ ಹೋದ ಪಾದ್ರಿಗಳಿಗೆ

ಲಿಟಲ್ ಹ್ಯಾಂಬ್ರಿಜ್ ಗ್ರಾಮದ ಚರ್ಚಿನಲ್ಲಿ ಬಹುಕಾಲ ಪಾದ್ರಿಗಳಾಗಿದ್ದು, ಇನ್ನೂರು ವರ್ಷಗಳಿಂದ ಅದೇ ಚರ್ಚಿನಂಗಳದಲ್ಲಿ ಮಲಗಿ ವಿಶ್ರಾಂತಿ ಪಡೆಯುತ್ತಿರುವ ಪರಮಪೂಜ್ಯ ಸೆಪ್ಟಿಮಸ್ ಥ್ಯಾಕ್‌ವೆಲ್ ಅವರಿಗೆ ಡೆನ್ಜಿಲ್ ಪಾಬ್‌ಜಾಯ್ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ನಾವೆಲ್ಲ ಕ್ಷೇಮ ಎಂದು ಬರೆಯೋಣವೆಂದರೆ, ನಾವು ಇದ್ದೇವೆ ಎನ್ನುವುದಕ್ಕೇ ತಮ್ಮಲ್ಲಿ ದಾಖಲೆಯಿಲ್ಲ. ತೊಂಬತ್ತು ದಾಟಿದ ನನ್ನ ಸೋದರತ್ತೆ ಮ್ಯೂರಿಯಲ್‌ಗೆ, ಕಾಲ ಬಂದಾಗ ತಮ್ಮ ಚರ್ಚಿನಂಗಳದಲ್ಲಿ ಹಿರಿಯರ ನಡುವೆ ಮಣ್ಣಾಗಬೇಕೆಂಬ ಆಸೆ. ಪರವೂರಿನವರಿಗೆ ಅಲ್ಲಿ ಜಾಗ ಸಿಗಬೇಕಾದರೆ ವಂಶದ ಬೇರು ಆ ಊರಿನದೆಂದು ತೋರಿಸಬೇಕಂತೆ. ಬೇರು ಹುಡುಕುತ್ತ ತಮ್ಮ ಕೈಬರಹದ ದಾಖಲೆ ಪುಸ್ತಕವನ್ನು ತೆರೆದೆ.

ನಮ್ಮ ಮೂಲಪುರುಷ ಜೇಬೆಜ್ ಪಾಬ್‌ಜಾಯ್. ಆ ಹೆಸರಿನ ಹಸುಗೂಸನ್ನು ತಾವು ಮಣ್ಣು ಮಾಡಿದ್ದು ಅಚ್ಚುಕಟ್ಟಾಗಿ ದಾಖಲಾಗಿದೆ. ಮರುವರ್ಷ ಹುಟ್ಟಿದ ತಮ್ಮನಿಗೂ ಅದೇ ಹೆಸರಿಟ್ಟರು. ಅಣ್ಣನ ಅಂಗಿಯಂತೆ ತೀರಿಕೊಂಡ ಅಣ್ಣನ ಹೆಸರೂ ತಮ್ಮನಿಗೇ ಬರುತ್ತಿದ್ದ ಕಾಲವದು. ಈ ಎರಡನೆಯ ಜೇಬೆಜ್ ಬ್ರಿಸ್ಟಲ್‌ಗೆ ಹೋಗಿ ಒಂಬತ್ತು ಮಕ್ಕಳ ತಂದೆಯಾದ್ದರಿಂದ, ಅವನು ಹುಟ್ಟಿದ್ದನೆಂದು ನಂಬದೆ ವಿಧಿಯಿಲ್ಲ. ಆದರೆ ಕೂಸುಗಳ ನೆತ್ತಿಗೆ ನೀರು ಚಿಮುಕಿಸಿ ಹೆಸರಿಡುವ ದೀಕ್ಷಾಸ್ನಾನಗಳು ಆ ವರ್ಷ ದಾಖಲಾಗಿರಬೇಕಾದ ಪುಟದಲ್ಲಿ ತಾವು ನರಿಬೇಟೆಗೆ ಹೋದದ್ದು, ನರಿ ಕೊಳದ ಬಳಿ ಮಾಯವಾದದ್ದು, ತಮ್ಮ ಬೇಟೆನಾಯಿ ಡಚೆಸ್‌ಳ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು, ಬಣ್ಣ, ಸ್ವಭಾವಗಳು ಮುದ್ದಾದ ಅಕ್ಷರಗಳಲ್ಲಿವೆ. ಅಳಿಯಿತು ಕೂಸಿನ ಹೆಸರು, ಉಳಿಯಿತು ನಾಯಿಯ ಬಸಿರು.

ತಮ್ಮ ವಿದ್ವತ್ತಿಗೆ ತಲೆಬಾಗಿ ಎರಡು ಬಿನ್ನಹ. ಒಂದೋ, ನಮ್ಮನ್ನು ಡಚೆಸ್‌ಳ ವಂಶಕ್ಕೆ ದತ್ತು ಸೇರಿಸಿ. ಅದರ ಬೇರು ಗಟ್ಟಿಯಾಗಿದೆ. ಇಲ್ಲವೇ, ಒಂದು ಮಧ್ಯಾಹ್ನ ಎದ್ದು ಬ್ರಿಸ್ಟಲ್‌ಗೆ ದಯಮಾಡಿಸಿ ಜೇಬೆಜ್‌ನ ನೆತ್ತಿಗೆ ನಾಲ್ಕು ಹನಿ ನೀರು ಚಿಮುಕಿಸಿ. ಅವನೂ ಈಗ ಬಿಡುವಾಗಿಯೇ ಇದ್ದಾನೆ. ಕುದುರೆ ನಾನು ತರುತ್ತೇನೆ. ದಾರಿಯಲ್ಲಿ ನರಿ ಕಂಡರೆ ಮಾತ್ರ ದಯವಿಟ್ಟು ಕಣ್ಣು ಮುಚ್ಚಿಕೊಳ್ಳಿ.

ಕಳೆದ ಭಾನುವಾರ ಅತ್ತೆಯನ್ನು ಕರೆದುಕೊಂಡು ಚರ್ಚಿನ ಮೇಲ್ವಿಚಾರಕಿ ಶ್ರೀಮತಿ ಮಾಟರ್‌ಶೆಡ್ ಅವರನ್ನು ಕಂಡೆ. ಆಕೆ ಚಹಾ ಕೊಟ್ಟು, ಪುಸ್ತಕ ತಿರುವಿ, ನಿಟ್ಟುಸಿರಿಟ್ಟರು.

"ನೋಡಿ ಅಮ್ಮಾ, ನಿಮ್ಮ ಜೇಬೆಜ್ ಕೂಸಾಗಿದ್ದಾಗ್ಲೇ ಹೋಗ್ಬಿಟ್ಟಿದಾರೆ. ಅಲ್ಲಿಂದಾಚೆಗೆ ಮಕ್ಳಿಲ್ಲ, ಮೊಮ್ಮಕ್ಳಿಲ್ಲ. ಈ ಪುಸ್ತಕದ ಪ್ರಕಾರ ನೀವೂ ಇಲ್ಲ."

ಅತ್ತೆ ಬಿಸ್ಕತ್ತನ್ನು ಚಹಾಕ್ಕೆ ಅದ್ದಿದರು. "ಸರಿ ಕಣಮ್ಮ, ಇಲ್ದೇ ಇರೋಳಿಗೆ ಎಷ್ಟು ಜಾಗ ಬೇಕಾಗತ್ತೆ? ಕೊಟ್ಬಿಡು. ಕೇಳೋರು ಬಂದ್ರೆ, ಅಲ್ಲಿ ಯಾರೂ ಇಲ್ಲ ಅನ್ನು."

ಮೇಲ್ವಿಚಾರಕಿ ನಿಯಮಗಳ ಪುಸ್ತಕ ತೆಗೆದು ನೋಡಿದರು. ನಿಯಮದಲ್ಲಿ ಇದಕ್ಕೆ ಅಡ್ಡಿ ಸಿಗಲಿಲ್ಲ. ಜಾಗ ಮಂಜೂರಾಯಿತು.

ದಾಖಲೆಯ ಪ್ರಕಾರ ಹುಟ್ಟದೇ ಇದ್ದರೂ,
ತಮ್ಮ ವಿಶ್ವಾಸಿ,
ಡೆನ್ಜಿಲ್ ಪಾಬ್‌ಜಾಯ್

ಮರೆತಿದ್ದ ಮಾತು: ಅತ್ತೆಗೆ ಗೊತ್ತುಮಾಡಿರುವ ಜಾಗ ತಮ್ಮ ಮಗ್ಗುಲಲ್ಲೇ ಇದೆ. ತಮ್ಮನ್ನು ಕೇಳಬೇಕಾದ ಪ್ರಶ್ನೆಗಳನ್ನು ಅವರು ಈಗಿನಿಂದಲೇ ಬಾಯಿಪಾಠ ಮಾಡುತ್ತಿದ್ದಾರೆ. ಅಲ್ಲಿಯವರೆಗೆ ಚೆನ್ನಾಗಿ ನಿದ್ದೆ ಮಾಡಿಕೊಳ್ಳಿ.