ಬೆಲ್ಲದ ಕಡಾಯಿಯಲ್ಲಿ ಹೊಳೆಗಿಳಿದದ್ದು

ಹೊಳೆಯ ಬಗ್ಗೆ ಭಾಷಣ ಮಾಡಲು ದಂಡೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕಾಲು ಒದ್ದೆಯಾಗುವುದಿಲ್ಲ, ಎದುರುತ್ತರ ಕೊಡುವವರಿಲ್ಲ. ಗೋಕಾಕದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ವರ್ಷಗಟ್ಟಲೆ ಘಟಪ್ರಭೆಯನ್ನು ಬಾಯಲ್ಲೇ ಸ್ವಚ್ಛ ಮಾಡಿದವನು. ಈಜು ಬರುವುದಿಲ್ಲ, ಅದನ್ನು ಯಾರೂ ಕೇಳಿರಲಿಲ್ಲ.

ಕೇಳಿದವರು ಭೀಮಪ್ಪ ಕಾಕಾ. ಮೂಡಲಗಿ ಕಡೆ ಹೊಳೆದಂಡೆಯಲ್ಲೇ ಅವರ ಬೆಲ್ಲದ ಗಾಣ. ಹಂಗಾಮು ಮುಗಿದರೆ ಕಬ್ಬಿನ ಹಾಲು ಕುದಿಸುವ ದೊಡ್ಡ ಕಡಾಯಿಯೇ ಅವರ ದೋಣಿ. ಮಹಾಪೂರ ಬಂದಾಗ ನಮ್ಮ ಕಡೆ ಎಷ್ಟೋ ಜನ ಹೀಗೇ ದಾಟಿದ್ದಾರೆ. ಬೆಲ್ಲ ಒಯ್ಯಲು ಹೋದವನು ಅಲ್ಲೂ ಭಾಷಣ ಶುರುಮಾಡಿದೆ. "ಮಾಸ್ತರ, ಇಷ್ಟ ಮಾತಾಡ್ತೀರಿ, ಹೊಳಿಯೊಳಗ ಒಮ್ಮಿನಾದ್ರೂ ಇಳದೀರೇನ್ರಿ?" ಎಂದರು ಕಾಕಾ. "ಅಂಜಬ್ಯಾಡ್ರಿ. ಬೆಲ್ಲದ ಕಡಾಯಿ ಐತಿ, ಮುಳುಗಿದ್ರೂ ಸಿಹಿಯಾಗೇ ಮುಳುಗ್ತೀರಿ."

ಮರ್ಯಾದೆಯ ಪ್ರಶ್ನೆ, ಹತ್ತಿ ಕುಳಿತೆ. ಕಡಾಯಿಗೆ ಹಿಂದುಮುಂದು ಎಂಬುದಿಲ್ಲ. ಗರಗರ ತಿರುಗುತ್ತಾ, ಕಂಡಕಂಡ ದೇವರನ್ನೆಲ್ಲ ನೆನೆಯುತ್ತಾ ಹೊಳೆಯ ತಿರುವಿಗೆ ಬಂದೆವು. ಅಲ್ಲೊಂದು ಆಮೆ ಪ್ಲಾಸ್ಟಿಕ್ ಚೀಲದ ಹಿಡಿಕೆಗೆ ಕುತ್ತಿಗೆ ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಕಾಕಾ ಕುಡಗೋಲಿನಿಂದ ಹಿಡಿಕೆ ಕತ್ತರಿಸಿ ಅದನ್ನು ನೀರಿಗೆ ಬಿಟ್ಟು, ಚೀಲ ನನ್ನ ಕೈಗಿಟ್ಟರು. "ಕನ್ನಡಕ ಮನ್ಯಾಗ ಉಳೀತು. ಯಾವ ಪುಣ್ಯಾತ್ಮಂದ ನೋಡ್ರಿ."

ನೋಡಿದೆ. ಕೆಂಪು ಅಕ್ಷರದಲ್ಲಿ 'ವಾಸ್ತುಶಾಂತಿ', ಕೆಳಗೆ ನನ್ನದೇ ಹೆಸರು! ಮನೆ ಕಟ್ಟಿಸಿದಾಗ ಐದುನೂರು ಚೀಲ ಹೊಡೆಸಿದ್ದೆ, ರಾಶಿ ಉಳಿದಿದ್ದವು. ಸೋಮವಾರಕ್ಕೊಮ್ಮೆ ಹೆಂಡತಿ ಪೂಜೆಯ ಹಳೇ ಹೂವನ್ನು ಒಂದರಲ್ಲಿ ಕಟ್ಟಿ ಕೊಡುವಳು. ನಾನು ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿ ಹೊಳೆಗೆ ಒಗೆದು ಕೈಮುಗಿಯುವೆನು. ಹೂವಿನ ಪುಣ್ಯವಷ್ಟೇ ತಲೆಯಲ್ಲಿತ್ತು, ಚೀಲ ಇರಲಿಲ್ಲ. ಆಮೆ ಮುಳುಗಿದ ಕಡೆ ಒಮ್ಮೆ ನೋಡಿದೆ. "ಅಕ್ಷರ ಅಳಸ್ಯಾವ್ರಿ ಕಾಕಾ" ಎಂದು ಚೀಲ ಮಡಚಿ ಅದರ ಮೇಲೆ ಕುಳಿತೆ.

ಅಂದಿನಿಂದ ಹೂವು ಹಿತ್ತಲಿನ ದಾಸವಾಳದ ಬುಡಕ್ಕೆ, ನಾನು ಪ್ರತಿ ಭಾನುವಾರ ಕಡಾಯಿಗೆ. ಮಾಸ್ತರಿಗೆ ಹೊಳೆಯ ಹುಚ್ಚು ಹಿಡಿದಿದೆ ಎಂದು ಜನ ಹೊಗಳಿದರು. ಖರೆ ಹೇಳಬೇಕೆಂದರೆ, ಬೇರೆಯವರು ಓದುವ ಮೊದಲು ನನ್ನ ಚೀಲಗಳನ್ನು ಹೆಕ್ಕಬೇಕಿತ್ತು. ನಲವತ್ತೊಂದು ಸಿಕ್ಕವು. ಹುಡುಕುತ್ತಾ ಹುಡುಕುತ್ತಾ ಮಿಂಚುಳ್ಳಿ ಕೂರುವ ಕೊಂಬೆ ಯಾವುದು, ಆಮೆಗಳು ಬಿಸಿಲು ಕಾಯಿಸುವ ಬಂಡೆ ಯಾವುದು ಎಂದೆಲ್ಲ ಗೊತ್ತಾಗಿ, ಈಗ ಹೊಳೆಗೆ ಹೋಗದಿದ್ದರೆ ಭಾನುವಾರದ ಊಟವೇ ರುಚಿಸುವುದಿಲ್ಲ. ಭಾಷಣ ತಾನಾಗಿ ನಿಂತಿದೆ.

ಕಳೆದ ವಾರ ಜೊಂಡಿನಲ್ಲಿ ಇನ್ನೊಂದು ಚೀಲ ಕಂಡಿತು. ಸಂಕೇಶ್ವರದ ಯಾವುದೋ ಸೀರೆ ಅಂಗಡಿಯದು. ಇರಲಿ ಎಂದು ಬಗ್ಗಿ ಎಳೆದೆ, ಕಡಾಯಿ ವಾಲಿತು.

"ಮಾಸ್ತರ, ಅದು ನಿಮ್ಮದಲ್ಲಲ್ರಿ!" ಎಂದರು ಕಾಕಾ, ಅತ್ತ ತುದಿಯಿಂದ.

ಚೀಲ ಹಿಡಿದೇ ತಿರುಗಿದೆ. "ಕಾಕಾ, ಕನ್ನಡಕ ಇಲ್ದ ಹೆಂಗ ಓದಿದ್ರಿ?"

"ದೂರಿಂದು ಛಲೋ ಕಾಣ್ತೈತ್ರಿ ನನಗ. ಮೊದಲ್ನೇ ದಿನಾನೂ ಕಂಡಿತ್ತು."

ರೂಢಿಯಂತೆ ಆ ಚೀಲವನ್ನೂ ಮಡಚಿ ಅದರ ಮೇಲೆ ಕುಳಿತೆ.