ಮಗಳ ಹೃದಯ, ನನ್ನ ಸ್ಕೂಟರು

ಬೇರೆಯವರ ಮನೆಗೆ ಕಾಯಿಲೆ ಒಂದೇ ಬರುತ್ತದೆ. ನಮ್ಮ ಮನೆಗೆ ಬರುವಾಗ ಫಜೀತಿಯನ್ನೂ ಜತೆಗೇ ಕರೆದುಕೊಂಡು ಬರುತ್ತದೆ. ಇದರಲ್ಲಿ ಅರ್ಧ ಸುಳ್ಳು ಎನ್ನುತ್ತಾಳೆ ಹೆಂಡತಿ. ಯಾವ ಅರ್ಧ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಬೆಳವಣಿಗೆ

ಒಂಬತ್ತನೇ ತರಗತಿಯ ಮಗಳು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದಳು. ಅಂಕೋಲೆಯಿಂದ ಕಾರವಾರದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ರಕ್ತ ತೆಗೆಸಿ ನೋಡಿ ಬಿಡಿಸಿ ಹೇಳಿದರು: ಬೊಜ್ಜು ಹೆಚ್ಚಾದರೆ ಬೆಳವಣಿಗೆಯ ಹಾರ್ಮೋನು ಕಡಿಮೆಯಾಗುತ್ತದೆ. ಅದು ಕಡಿಮೆಯಾದಲ್ಲಿ ರಕ್ತದಲ್ಲಿ ಕೆಟ್ಟ ಕೊಬ್ಬು ಏರುತ್ತದೆ. ಹೀಗೇ ಬಿಟ್ಟರೆ ಮುಂದೆ ಹೃದಯಕ್ಕೆ ಅಪಾಯ.

"ಇದಕ್ಕೆ ಇಂಜೆಕ್ಷನ್ ಬೇಡ. ತೂಕ ಇಳಿದರೆ ಹಾರ್ಮೋನು ತಾನಾಗಿ ಏರ್ತದೆ. ಆರು ತಿಂಗಳು ನೋಡುವಾ," ಎಂದರು.

ಊರನ್ನೆಲ್ಲ ಗೇಲಿ ಮಾಡುವ ನಾನು ಬಸ್ಸಿನಲ್ಲಿ ಅಂಕೋಲೆ ಬರುವವರೆಗೂ ಆ ರಿಪೋರ್ಟನ್ನೇ ತಿರುಗಿಸಿ ತಿರುಗಿಸಿ ಓದಿದೆ. ಮನೆಯಲ್ಲಿ ನನ್ನ ತಾಯಿಗೆ, ನಮ್ಮ ಆಯಿಗೆ, ಹೇಳಿದೆ: "ಬೆಳವಣಿಗೆ ಹಾರ್ಮೋನು ಸಾಲದಂತೆ."

ಆಯಿ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಚೌತಿಗೆ ಹೊಲಿಸಿದ ಲಂಗ ದೀಪಾವಳಿಗೆ ಹತ್ತಲಿಲ್ಲ. ಆ ಡಾಕ್ಟರಿಗೆ ಮೊದಲು ಕಣ್ಣು ತೋರಿಸ್ಕೊಳ್ಳಲಿಕ್ಕೆ ಹೇಳು."

ಸಾಬುದಾಣೆ

ಕೊಬ್ಬು ಅಳೆಯುವ ಇನ್ನೊಂದು ರಕ್ತ ಪರೀಕ್ಷೆಗೆ ಏನೂ ತಿನ್ನದೆ ಹೋಗಬೇಕಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಕಾರವಾರ ಮುಟ್ಟಿದೆವು. ಲ್ಯಾಬಿನ ಹುಡುಗಿ ಕೇಳಿದಳು, "ಏನೂ ತಿಂದಿಲ್ಲ ಅಲ್ವಾ?"

"ಏನೂ ಇಲ್ಲ," ಎಂದಳು ಮಗಳು. "ಸಾಬುದಾಣೆ ಖಿಚಡಿ ಮಾತ್ರ. ಆಯಿ ಕೊಟ್ಟಳು."

ಪರೀಕ್ಷೆ ಆಗಲಿಲ್ಲ. ವಾಪಸು ಬಂದು, ಸಬ್ಬಕ್ಕಿ ಯಾಕೆ ತಿನ್ನಿಸಿದೆ ಎಂದು ಆಯಿಯ ಮುಂದೆ ಕೂಗಾಡಿದೆ. ಅವಳು ಜಗ್ಗಲಿಲ್ಲ. "ಇಷ್ಟು ವರ್ಷ ಏಕಾದಶಿ ಹಿಡಿದವಳು ನಾನು. ಖಿಚಡಿಯಿಂದ ನನ್ನ ಉಪವಾಸ ಒಂದು ದಿನ ಮುರಿದದ್ದಿಲ್ಲ. ದೇವರಿಗೆ ನಡೆದದ್ದು ಲ್ಯಾಬಿಗೆ ನಡೆಯೂದಿಲ್ವಾ?"

ಎರಡನೇ ಸಲ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ಮಗಳ ಚೀಲ ತಪಾಸಣೆ ಮಾಡಿದೆ. ನಾಲ್ಕು ಬಾಳೆಹಣ್ಣು ಸಿಕ್ಕವು. ಒಂದು ನನ್ನ ಹೆಸರಿಗಂತೆ.

ನಿದ್ದೆ

ಆಳವಾದ ನಿದ್ದೆಯಲ್ಲಿ ಆ ಹಾರ್ಮೋನು ಹೆಚ್ಚು ಬರುತ್ತದೆ, ಹತ್ತು ಗಂಟೆಗೆ ಮೊಬೈಲು ಬಂದ್ ಎಂದಿದ್ದರು ಡಾಕ್ಟರಮ್ಮ. ವಾರದಲ್ಲೇ ಇತಿಹಾಸದ ಮಾಸ್ತರರಿಂದ ನನಗೆ ಕರೆ ಬಂತು.

"ನಿಮ್ಮ ಮಗಳು ಪಾಠದಲ್ಲಿ ಮಲಗ್ತಾಳೆ. ಎಬ್ಬಿಸಿದರೆ, ಡಾಕ್ಟರು ಹೇಳಿದ ಔಷಧ ಸರ್ ಅಂತಾಳೆ."

"ತಪ್ಪಾಯ್ತು ಸರ್, ಬೈತೇನೆ."

"ಅವಳದ್ದು ಬಿಡಿ. ಈಗ ಹಿಂದಿನ ಎರಡು ಬೆಂಚಿಗೂ ಅದೇ ಔಷಧ ನಡೀತಾ ಅದೆ."

ಪೆಟ್ರೋಲು

ನಡೆ ಎಂದರೆ ಮಗಳು ನಡೆಯುವವಳಲ್ಲ. ಹಾಗಾಗಿ ಸಂಜೆ ಟ್ಯೂಷನ್ನಿಗೆ ಹೋಗುವಾಗ ಅರ್ಧ ದಾರಿಯಲ್ಲಿ ಸ್ಕೂಟರಿನ ಕೀಲಿಯನ್ನು ಮೆಲ್ಲಗೆ ತಿರುಗಿಸಿ, "ಪೆಟ್ರೋಲು ಖಾಲಿ ಮಾರಾಯ್ತಿ, ತಳ್ಳು," ಎನ್ನತೊಡಗಿದೆ. ನಾನು ಹ್ಯಾಂಡಲು ಹಿಡಿಯುವುದು, ಅವಳು ಹಿಂದಿನಿಂದ ತಳ್ಳುವುದು. ವಾರಕ್ಕೆ ನಾಲ್ಕು ದಿನ.

ಆದರೆ ನಮ್ಮೂರಿನಲ್ಲಿ ನೆಮ್ಮದಿಯಾಗಿ ಸ್ಕೂಟರು ತಳ್ಳಲಿಕ್ಕೂ ಜನ ಬಿಡುವುದಿಲ್ಲ. ಹಾರವಾಡದ ಮೀನಿನ ಹೆಂಗಸು ತಾನೂ ಕೈಹಚ್ಚುತ್ತೇನೆಂದು ಬಂದು, ತಲೆಯ ಮೇಲಿದ್ದ ಬುಟ್ಟಿಯನ್ನು ನಮ್ಮ ಸೀಟಿನ ಮೇಲಿಟ್ಟಳು. ಮಗಳು ಅಂದು ಬಂಗಡೆಯನ್ನೂ ತಳ್ಳಿದಳು. ಇನ್ನೊಂದು ಸಂಜೆ ಒಬ್ಬ ಆಟೋದವನು ಬಾಟಲಿಯಲ್ಲಿ ಪೆಟ್ರೋಲು ತಂದು, ನಾನು ತಡೆಯುವಷ್ಟರಲ್ಲಿ ಟ್ಯಾಂಕಿನ ಮುಚ್ಚಳ ತೆಗೆದ. ಒಳಗೆ ಪೆಟ್ರೋಲು ಕಂಠಪೂರ್ತಿ. ಅವನು ನನ್ನ ಮುಖ ನೋಡಿದ. ನಾನು ಸಮುದ್ರದ ದಿಕ್ಕು ನೋಡಿದೆ.

"ಮುಚ್ಚಿಬಿಡಿ ಮಾಮಾ," ಎಂದಳು ಮಗಳು. "ನನಗೆ ಎರಡನೇ ದಿನವೇ ಗೊತ್ತಾಗಿತ್ತು. ಪಪ್ಪ ಇಷ್ಟು ಖುಷಿಯಲ್ಲಿ ನಡೆದದ್ದು ನಾ ನೋಡಿರಲಿಲ್ಲ, ಅದಕ್ಕೆ ಸುಮ್ಮನಿದ್ದೆ."

ಆ ಮೀನಿನವಳಿಗೆ, ಆ ಆಟೋದವನಿಗೆ, ಮುಖ್ಯವಾಗಿ ನನ್ನನ್ನು ಮೂರ್ಖನಾಗಿರಲು ಬಿಟ್ಟ ಈ ಹುಡುಗಿಗೆ ಹೇಗೆ ಉಪಕಾರ ತೀರಿಸುವುದೋ ತಿಳಿಯದು. ಆಮೇಲೂ ಅರ್ಧ ದಾರಿಯಲ್ಲಿ ಪೆಟ್ರೋಲು ಖಾಲಿಯಾಗುತ್ತಲೇ ಇತ್ತು. ಆರು ತಿಂಗಳಿಗೆ ರಕ್ತದ ಕೊಬ್ಬು ಇಳಿದಿತ್ತು, ಹಾರ್ಮೋನು ಏರಿತ್ತು. "ಹೃದಯದ್ದು ಹೆದರಿಕೆ ಬೇಡ," ಎಂದು ಡಾಕ್ಟರಮ್ಮ ಹೇಳಿದಾಗ ನಾನು ಕರವಸ್ತ್ರ ಹುಡುಕುತ್ತಿದ್ದೆ. ನೆಗಡಿ.

"ಎಂಥ ವ್ಯಾಯಾಮ ಮಾಡಿದೆ ಮಗಾ?"

"ಪಪ್ಪನ ಸ್ಕೂಟರು ಹಾಳಾಗಿತ್ತು," ಎಂದಳು ನನ್ನ ಮಾನ ಕಾಯುತ್ತ.

ಡಾಕ್ಟರಮ್ಮ ಚೀಟಿಯಲ್ಲಿ ಏನೋ ಬರೆದು ನನ್ನ ಕೈಗಿತ್ತರು. ಹೊರಗೆ ಬಂದು ಓದಿದೆ: ರಿಪೇರಿ ಮಾಡಿಸಬಾರದು.